ಹೊಳೆ ದಾಟಿದ ಕುರ್ಚಿ

ಹಗ್ಗ ತುಂಡಾಗಬಹುದಿತ್ತು. ಹಗ್ಗ ಗಟ್ಟಿಯಿದ್ದು, ಅದನ್ನು ಕಟ್ಟಿದ ಮರವೇ ಬುಡಸಮೇತ ಕಿತ್ತು ಬರಬಹುದಿತ್ತು. ಮರವೂ ನಿಂತು, ರಾಟೆ ಹೊಳೆಯ ನಡುವೆ ಸಿಕ್ಕಿಕೊಂಡು, ಒಣಗಲು ಹಾಕಿದ ಪಂಚೆಯ ಹಾಗೆ ಬೆಳ್ಯಪ್ಪಣ್ಣ ಕುರ್ಚಿಸಮೇತ ಅಲ್ಲೇ ನೇತಾಡಬಹುದಿತ್ತು. ಮೇಲೆ ಕಾಡಿನಲ್ಲಿ ಮಳೆ ಹೊಡೆದು ಹೊಳೆ ಒಮ್ಮೆಲೇ ಏರಬಹುದಿತ್ತು. ಆನೆ ಬರಬಹುದಿತ್ತು. ಆನೆಯನ್ನು ಕಂಡು ಹಗ್ಗ ಹಿಡಿದವರು ಹಗ್ಗ ಬಿಟ್ಟು ಓಡಬಹುದಿತ್ತು. ಇದೆಲ್ಲ ತಪ್ಪಿದರೂ ಅಪ್ಪನ ಜೀಪು ಥಂಡಿಗೆ ಸ್ಟಾರ್ಟ್ ಆಗದಿರಬಹುದಿತ್ತು. ಸ್ಟಾರ್ಟ್ ಆದರೆ ದಾರಿಯಲ್ಲಿ ಪಂಚರ್ ಆಗಬಹುದಿತ್ತು. ಪಂಚರ್ ಹಾಕಿಸಿ ಪುತ್ತೂರು ಮುಟ್ಟುವಾಗ ಡಾಕ್ಟರುಗಳು ಪೆಟ್ಟಿಗೆ ಕಟ್ಟಿ ಹೊರಟಿರಬಹುದಿತ್ತು. ನನಗೆ ಜೀಪಿನಲ್ಲಿ ವಾಂತಿಯಾಗಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಈಗ ಐವತ್ತರ ಹತ್ತಿರವಿದ್ದೇನೆ. ಬಾಗಿಲಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡ್‌ವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ವಾಪಸು ಬರುವ ಹೆಂಗಸು ನಾನು. ಈ ಗುಣ ಎಲ್ಲಿಂದ ಬಂತೆಂದು ಗಂಡ ಕೇಳುವುದುಂಟು. ಎಲ್ಲಿಂದಲೂ ಬಂದದ್ದಲ್ಲ, ಹುಟ್ಟಿದಾಗಲೇ ಇತ್ತು. ಬಾಲ್ಯದ ಒಂದು ಮಳೆಗಾಲದಲ್ಲಿ ಮಾತ್ರ ಅದರಿಂದ ಲೋಕಕ್ಕೆ ಏನೋ ಉಪಕಾರವಾಯಿತು.

ಆಗೆಲ್ಲ ನಮ್ಮ ಕಡೆ ಮಳೆಗಾಲವೆಂದರೆ ಕಾಲುಸಂಕಗಳು ಹೋಗುವ ಕಾಲ. ಅಡಕೆ ಮರಗಳನ್ನು ಹೊಳೆಗೆ ಅಡ್ಡ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರು ಕಟ್ಟಿದರೆ ಅದೇ ಸಂಕ. ದೀಪಾವಳಿ ಕಳೆದು ನೀರಿಳಿದ ಮೇಲೆ ಎರಡೂ ದಡದವರು ಸೇರಿ ಹೊಸತು ಹಾಕುವುದು, ಮುಂದಿನ ಮಳೆಗೆ ಹೊಳೆ ಅದನ್ನು ಒಯ್ಯುವುದು. ಹೊಳೆಯ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಸಂಕವಿಲ್ಲದ ಆ ತಿಂಗಳುಗಳಲ್ಲಿ ಸಂಜೆಯಾದರೆ ಆಚೆ ದಡದವರು ಹೊಳೆ ಕಿರಿದಾಗುವಲ್ಲಿ ಒಂದು ಬಂಡೆಯ ಮೇಲೆ ಬಂದು ನಿಲ್ಲುತ್ತಿದ್ದರು; ಈಚೆಯವರು ಈಚೆಯ ಬಂಡೆಯ ಮೇಲೆ. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿ ಕೂಗಿ ಮಾತು. ಯಾರ ಹಸು ಕರು ಹಾಕಿತು, ಯಾರ ಸೊಸೆ ತವರಿಗೆ ಹೋದಳು, ಎಲ್ಲವೂ ಎರಡೂ ದಡಕ್ಕೆ ಒಟ್ಟಿಗೇ ತಿಳಿಯುತ್ತಿತ್ತು. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಗುಟ್ಟು ಎಂಬುದು ಇರಲಿಲ್ಲ.

ಗುತ್ತಿಗಾರು ಪೇಟೆಯಿಂದ ಕೊಲ್ಲಮೊಗ್ರು ಕಡೆಗೆ ಹೋಗುವ ರಸ್ತೆಯ ಬದಿಗೇ ನಮ್ಮ ಮನೆ. ಅಪ್ಪನದು ಬಾಡಿಗೆ ಜೀಪು. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಮೀಸೆ ಮೂಡುವ ಮೊದಲೇ ನೌಕಾಪಡೆಗೆ ಸೇರಿ, ಮೀಸೆ ಹಣ್ಣಾಗುವ ಹೊತ್ತಿಗೆ ನಿವೃತ್ತರಾಗಿ ಬಂದವರು. ಅಷ್ಟು ವರ್ಷ ನೀರಿನ ಮೇಲಿದ್ದವರು ಕೊನೆಗೆ ಬಂದು ಸೇರಿದ್ದು ಯಾವ ಗುಡ್ಡ ಹತ್ತಿದರೂ ಸಮುದ್ರ ಕಾಣದ ಸುಳ್ಯ ತಾಲೂಕಿಗೆ. ಬರುವಾಗ ಒಂದು ಕಬ್ಬಿಣದ ಟ್ರಂಕು, ಒಂದು ಪುಟ್ಟ ಬೆಳ್ಳಿಬಣ್ಣದ ಪೀಪಿ, ಮತ್ತು ನನ್ನ ತೋಳಿನಷ್ಟು ದಪ್ಪದ ಒಂದು ಸುರುಳಿ ಹಗ್ಗ ತಂದಿದ್ದರು.

"ಬೇರೆಯವರ ಗಂಡಂದಿರು ಸೀರೆ ತರ್ತಾರೆ, ಸೆಂಟು ತರ್ತಾರೆ," ಎಂದು ದೊಡ್ಡಮ್ಮ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದರು. "ಇವರು ಹಗ್ಗ ತಂದರು. ನೇಣು ಹಾಕಿಕೊಳ್ಳಲಿಕ್ಕಾ ಅಂತ ಕೇಳಿದೆ. ಅದಕ್ಕೆ ಇದು ದಪ್ಪ ಆಯ್ತು, ಬೇರೆ ತಂದುಕೊಡ್ತೇನೆ ಅಂದರು!"

ಆ ಹಗ್ಗಕ್ಕೆ ನಮ್ಮ ಮನೆಯಲ್ಲಿ ದೇವರ ದೀಪದಷ್ಟೇ ಮರ್ಯಾದೆ. ಬಿಸಿಲು ಬಂದಾಗ ಒಣಗಿಸುವುದು, ಸುತ್ತಿ ಸುತ್ತಿ ಇಡುವುದು. ಅದಕ್ಕೊಂದು ವಾಸನೆಯಿತ್ತು; ಡಾಂಬರಿನಂಥದ್ದು, ಜೊತೆಗೆ ಎಂಥದೋ ಉಪ್ಪುಪ್ಪು. ನಾನು ಇನ್ನೂ ಸಮುದ್ರವನ್ನೇ ನೋಡಿರಲಿಲ್ಲ. ಅದನ್ನು ಮೂಸಿಯೇ ಸಮುದ್ರ ಹೀಗಿರಬೇಕು ಎಂದುಕೊಂಡಿದ್ದೆ. ಕೆಲಸ ಮುಗಿದ ಮೇಲೆ ಹಗ್ಗವನ್ನು ಕಟ್ಟಿದಲ್ಲೇ ಬಿಡುವುದು ದೊಡ್ಡಪ್ಪನ ಪ್ರಕಾರ ಮಹಾಪರಾಧ. ದನ ಕಟ್ಟಿದ ಹಗ್ಗ, ಬಟ್ಟೆ ಒಣಹಾಕುವ ಹಗ್ಗ, ಯಾವುದು ಖಾಲಿ ಇದ್ದರೂ ಬಿಚ್ಚಿ ಸುರುಳಿ ಮಾಡಿ ಇಟ್ಟುಬಿಡುತ್ತಿದ್ದರು. ದೊಡ್ಡಮ್ಮ ದಿನವೂ ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಹಗ್ಗ ಹುಡುಕುತ್ತಿದ್ದರು.

ನಿವೃತ್ತರಾದವರು ತೋಟ ನೋಡಿಕೊಂಡು ಇರುತ್ತಾರೆಂದು ಎಲ್ಲರೂ ಎಣಿಸಿದ್ದರು. ದೊಡ್ಡಪ್ಪ ಮಾತ್ರ ಸುಳ್ಯ, ಪುತ್ತೂರು, ಕಡಬ ಎಂದು ತಿರುಗಿ ಮಾಜಿ ಸೈನಿಕರು ಎಲ್ಲೆಲ್ಲಿದ್ದಾರೆಂದು ಹುಡುಕುವುದಕ್ಕೆ ತೊಡಗಿದರು. ಭಾನುವಾರ ನಮ್ಮ ಜಗಲಿಯ ಬೆಂಚು ತುಂಬುತ್ತಿತ್ತು. ಒಬ್ಬರಿಗೆ ಕಣ್ಣಿನ ಆಪರೇಷನ್ನಿಗೆ ಜೊತೆ ಬರಬೇಕು. ಒಬ್ಬರ ಹೆಂಡತಿಗೆ ಗಂಡ ಹೋದ ಮೇಲೆ ಯಾವ ಆಫೀಸಿಗೆ ಹೋಗಬೇಕೆಂದು ಗೊತ್ತಿಲ್ಲ. ಇನ್ನೊಬ್ಬರಿಗೆ ಯಾವ ತೊಂದರೆಯೂ ಇಲ್ಲ, ಮನೆಯಲ್ಲಿ ತಮ್ಮ ಯುದ್ಧದ ಕಥೆ ಯಾರೂ ಕೇಳುವುದಿಲ್ಲ ಅಷ್ಟೆ. ಎಲ್ಲರಿಗೂ ಬೆಲ್ಲದ ಕಾಫಿ, ಹಲಸಿನ ಹಪ್ಪಳ. ಹಪ್ಪಳದ ಡಬ್ಬ ತಳ ಕಂಡಾಗ ದೊಡ್ಡಮ್ಮ ಒಳಗಿನಿಂದ ಕೇಳುವರು: "ನಿಮಗೆ ಎಂತಕ್ಕೆ ಮಾರಾಯ್ರೆ ಊರ ಉಸಾಬರಿ? ಇವರೆಲ್ಲ ಮಿಲಿಟರಿ, ನೀವು ನೇವಿ!"

ದೊಡ್ಡಪ್ಪ ಕೊಡುತ್ತಿದ್ದುದು ಒಂದೇ ಉತ್ತರ. "ಒಬ್ಬ ನೀರಿಗೆ ಬಿದ್ದರೆ ಇಡೀ ಹಡಗು ತಿರುಗುದು. ಬಿದ್ದವ ಯಾರು ಅಂತ ನೋಡಿ ತಿರುಗುದಲ್ಲ."

ನಾನು ಆಗ ನಾಲ್ಕನೇ ಕ್ಲಾಸು. ಮನೆಯಲ್ಲಿ ಯಾರು ಎಲ್ಲಿಗೆ ಹೊರಟರೂ ಏನೇನು ಕೆಡಬಹುದೆಂದು ಮುಂಚಿತವಾಗಿ ಹೇಳುವುದು ನನ್ನ ಕೆಲಸ. ಅಮ್ಮ "ಬಾಯಿ ಮುಚ್ಚು, ಅಪಶಕುನ" ಎನ್ನುವಳು. ಅಪ್ಪ ನಗುವನು. ನನ್ನ ಮಾತನ್ನು ಕುಳಿತು ಕೇಳುತ್ತಿದ್ದವರು ದೊಡ್ಡಪ್ಪ ಒಬ್ಬರೇ. ಅವರು ನನಗೆ ಇಟ್ಟ ಹೆಸರು ರಾಡಾರ್.

"ರಾಡಾರ್, ನಾಳೆ ಕಡಬಕ್ಕೆ ಹೋಗುದುಂಟು. ಎಂತ ಕಾಣ್ತದೆ?"

"ಬಸ್ಸು ತಪ್ಪಬಹುದು."

"ಒಂದು ಬಸ್ಸು ಮೊದಲೇ ಹೋಗುವ. ಮತ್ತೆ?"

"ಕೊಡೆ ಮರೆತುಹೋಗಬಹುದು."

"ಈಗಲೇ ಬಾಗಿಲಿಗೆ ನೇತುಹಾಕು. ಮತ್ತೆ?"

ನನ್ನ ಹೆದರಿಕೆ ಮುಗಿಯುವವರೆಗೂ ಅವರ 'ಮತ್ತೆ?' ಮುಗಿಯುತ್ತಿರಲಿಲ್ಲ. ಎಲ್ಲ ಹೇಳಿ ಹೊಟ್ಟೆ ಖಾಲಿಯಾದ ಮೇಲೆ ನನಗೆ ಸುಖವಾಗಿ ನಿದ್ದೆ ಬರುತ್ತಿತ್ತು.

ಆ ವರ್ಷ ಜಡಿಮಳೆಯ ಆಟಿ ಕಳೆದು ಸೋಣ ತಿಂಗಳು ಹಿಡಿದಿದ್ದರೂ ಮಳೆ ಬಿಟ್ಟಿರಲಿಲ್ಲ. ಬಟ್ಟೆಗೆಲ್ಲ ಹೊಗೆಯ ವಾಸನೆ, ಪುಸ್ತಕಕ್ಕೆಲ್ಲ ಬೂಸ್ಟು. ಆಗ ಸುದ್ದಿ ಬಂತು: ಪುತ್ತೂರಿಗೆ ಮಿಲಿಟರಿ ಡಾಕ್ಟರುಗಳು ಬರುತ್ತಾರೆ, ಕಾಲು ಕಳೆದುಕೊಂಡ ಸೈನಿಕರಿಗೆ ಅಳತೆ ತೆಗೆದು ಹೊಸ ಕಾಲು ಮಾಡಿಸಿ ಕೊಡುತ್ತಾರೆ. ಒಂದೇ ದಿನ. ಅವತ್ತು ಬಾರದವರು ಪುಣೆಗೆ ಹೋಗಬೇಕು.

ದೊಡ್ಡಪ್ಪ ಸುದ್ದಿ ಕೇಳಿದವರೇ ಕೊಡೆ ತೆಗೆದುಕೊಂಡು ಹೊಳೆಯ ಬಂಡೆಗೆ ನಡೆದರು. ನಾನೂ ಹಿಂದೆ ಓಡಿದೆ.

ಆಚೆ ದಡದಲ್ಲಿ ನಾಲ್ಕೈದು ಮನೆ. ಅದರಲ್ಲಿ ಕಾಡಿಗೆ ತಾಗಿದ ಮನೆ ಬೆಳ್ಯಪ್ಪಣ್ಣನದು. ಗಡಿಯಲ್ಲಿ ನೆಲಬಾಂಬು ಸಿಡಿದು ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಸೈನ್ಯದವರು ಕೊಟ್ಟ ಮರದ ಕಾಲಿನ ಚರ್ಮದ ಪಟ್ಟಿ ನಮ್ಮ ಮಳೆಗೆ ಬೂಸ್ಟು ಹಿಡಿದು ಕೊಳೆಯಿತು, ಮರಕ್ಕೆ ಗೆದ್ದಲು ಹತ್ತಿತು. ಇನ್ನೊಂದು ಕೇಳಲು ಅವರು ಹೋಗಲಿಲ್ಲ. ಕಂಕುಳಿಗೆ ಊರುಗೋಲು ಕೊಟ್ಟು ಬಂಡೆಯವರೆಗೆ ಬರುವುದು, ವಾಪಸು ಹೋಗುವುದು. ಅಷ್ಟೇ ಅವರ ಪ್ರಪಂಚ. ರಾತ್ರಿ ಆನೆ ಇಳಿದರೆ ಡಬ್ಬ ಬಡಿಯಲು ಅಂಗಳ ದಾಟಿ ಹೋಗುತ್ತಿದ್ದವಳು ಹೆಂಡತಿ ಪೊನ್ನಕ್ಕ. ಅವರು ಜಗಲಿಯಲ್ಲಿ ಕೂತು ಟಾರ್ಚು ಬಿಡುತ್ತಿದ್ದರು. ಹೆಂಡತಿ ಆನೆಯೆದುರು, ಸೈನಿಕ ಜಗಲಿಯಲ್ಲಿ. ಇದನ್ನು ಅವರು ಯಾರ ಹತ್ತಿರವೂ ಹೇಳಿಕೊಂಡವರಲ್ಲ. ಆದರೆ ಮಳೆಗಾಲದ ಊರು, ಎಲ್ಲರಿಗೂ ಗೊತ್ತಿತ್ತು.

"ಬೆಳ್ಯಪ್ಪಾ! ಪುತ್ತೂರಿಗೆ ಹೋಗ್ಲಿಕ್ಕುಂಟು! ಕಾಲಿಗೆ!" ದೊಡ್ಡಪ್ಪ ಕೂಗಿದರು.

"ಹೇಗೆ ಬರುದು? ಈಜಿಯಾ?"

ಕಾಡಿನೊಳಗೆ ಸುತ್ತಿ ಮೇಲಿನ ಸೇತುವೆಗೆ ಬರುವ ದಾರಿಯೊಂದಿತ್ತು. ಎರಡು ಕಾಲಿದ್ದವರಿಗೇ ಅರ್ಧ ದಿನದ ಜಾರುಬಂಡೆ ಅದು. "ಕುರ್ಚಿಯಲ್ಲಿ ಕೂರಿಸಿ ಹೊತ್ತು ತರ್ತೇವೆ. ನಾಲ್ಕು ಜನ ಇದ್ದಾರೆ," ಎಂದರು ದೊಡ್ಡಪ್ಪ.

ಬೆಳ್ಯಪ್ಪಣ್ಣ ಊರುಗೋಲು ಕೆಳಗಿಟ್ಟು ಬಂಡೆಯ ಮೇಲೆ ಕೂತರು.

"ನಾಲ್ಕು ಜನರ ಹೆಗಲ ಮೇಲೆ ನಾನು ಒಂದೇ ಸಲ ಹೋಗುದು, ನೇವಿಯವರೇ. ಅದಕ್ಕೆ ಇನ್ನೂ ಸಮಯ ಉಂಟು."

ದೊಡ್ಡಪ್ಪ ಹೊಳೆಯನ್ನೇ ನೋಡುತ್ತ ನಿಂತರು. ಈಚೆಯ ಹೆಬ್ಬಲಸಿನ ಮರ ನೋಡಿದರು, ಆಚೆಯ ಮಾವಿನ ಮರ ನೋಡಿದರು. ಅವರು ಹಾಗೆ ನೋಡಿದಾಗ ನನಗೆ ಚಳಿ ಹತ್ತುತ್ತಿತ್ತು.

"ಹೆಗಲು ಬೇಡ!" ಎಂದು ಕೂಗಿದರು. "ಹಗ್ಗದಲ್ಲಿ ಬಾ. ನಡುಸಮುದ್ರದಲ್ಲಿ ಒಂದು ಹಡಗಿಂದ ಇನ್ನೊಂದಕ್ಕೆ ಅಡ್ಮಿರಲ್ ಸಾಹೇಬರನ್ನೂ ಹಾಗೇ ದಾಟಿಸುದು. ಹಗ್ಗ ಕಟ್ಟಿ, ರಾಟೆ ಹಾಕಿ, ಕುರ್ಚಿಯಲ್ಲಿ ಕೂರಿಸಿ."

"ಅವರಿಗೆ ಎರಡು ಕಾಲುಂಟಲ್ಲ?"

"ಕುರ್ಚಿಯಲ್ಲಿ ಕೂತವನಿಗೆ ಕಾಲು ಎಂತಕ್ಕೆ ಮಾರಾಯ?"

ಅಷ್ಟರಲ್ಲಿ ಮಳೆಗೆ ತಲೆಯ ಮೇಲೆ ಎಲೆಯ ಗೊರಬೆ ಹಾಕಿಕೊಂಡು ಬಂದು ನಿಂತಿದ್ದ ಪೊನ್ನಕ್ಕನ ಸ್ವರ ಹೊಳೆಯನ್ನೂ ಮೀರಿ ಬಂತು. "ನೇವಿಯಣ್ಣಾ, ಹಗ್ಗ ತನ್ನಿ ನೀವು! ಇವರು ಬರುದಿಲ್ಲ ಅಂತಾದರೆ ಇವತ್ತಿಂದ ಆನೆಗೆ ಡಬ್ಬ ಬಡಿಯುದು ಇವರೇ. ಕೂತಲ್ಲಿಂದಲೇ ಬಡಿಯಲಿ, ನಾನೂ ನೋಡ್ತೇನೆ!"

ಎರಡೂ ದಡದಲ್ಲಿ ಜನ ನಕ್ಕರು. ಬೆಳ್ಯಪ್ಪಣ್ಣ ನಗಲಿಲ್ಲ. ಊರುಗೋಲು ಎತ್ತಿ ಕಂಕುಳಿಗೆ ಕೊಟ್ಟು, "ಹಗ್ಗ ಗಟ್ಟಿ ಉಂಟಾ ನೋಡಿ," ಎಂದಷ್ಟೇ ಹೇಳಿ ತಿರುಗಿದರು.

ಆ ವಾರ ನನ್ನ ಬಾಯಿಗೆ ಬಿಡುವಿರಲಿಲ್ಲ. ಹಗ್ಗ ತುಂಡಾದರೆ? ದೊಡ್ಡಪ್ಪ ಅದನ್ನು ಜೀಪಿಗೆ ಕಟ್ಟಿ ಎಳೆಸಿದರು. ಮರ ಬಂದರೆ? ಮರದ ಹಿಂದೆ ಇನ್ನೊಂದು ಮರಕ್ಕೂ ಸುತ್ತು ಹಾಕುವ. ರಾಟೆ ಸಿಕ್ಕಿಕೊಂಡರೆ? ನಮ್ಮ ಬಾವಿಯ ರಾಟೆಯೇ ಬಿಚ್ಚಿ ಬಂತು, ಎಣ್ಣೆಯಲ್ಲಿ ಮಿಂದಿತು. ದೊಡ್ಡಮ್ಮ ಬರಿಗೈಯಲ್ಲಿ ನೀರು ಸೇದುತ್ತ ಆ ವಾರ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಒಳ್ಳೆಯ ಬೈಗುಳಗಳೆಲ್ಲ ನಮ್ಮ ಮನೆಮಾತಾದ ಅರೆಭಾಷೆಯಲ್ಲೇ ಇವೆ, ಬೇರೆ ಭಾಷೆಗೆ ತಂದರೆ ಸಪ್ಪೆಯಾಗುತ್ತವೆ. ಹೊಳೆ ಏರಿದರೆ? ಬಂಡೆಗೆ ಸುಣ್ಣದ ಗೆರೆ ಎಳೆದರು; ನೀರು ಗೆರೆ ಮುಟ್ಟಿದರೆ ಕೆಲಸ ನಿಲ್ಲಿಸುವುದು. ಆನೆ ಬಂದರೆ? ಪೊನ್ನಕ್ಕ ಇದ್ದಾಳಲ್ಲ, ಎಂದರು.

"ಮತ್ತೆ?"

"ಮತ್ತೆ... ಇಲ್ಲ."

"ಸರಿಯಾಗಿ ನೋಡು ರಾಡಾರ್."

"ಇಲ್ಲ ದೊಡ್ಡಪ್ಪ, ಎಲ್ಲ ಮುಗೀತು."

ಹಿಂದಿನ ದಿನ ತಾಲೀಮು ನಡೆಯಿತು. ದೊಡ್ಡಪ್ಪ ಒಂದು ಸಣ್ಣ ಹುರಿಯ ತುದಿಗೆ ಕಲ್ಲು ಕಟ್ಟಿ, ಎರಡು ಸುತ್ತು ಬೀಸಿ ಎಸೆದರು. ಅದು ಹೊಳೆಯ ಮೇಲಿನಿಂದ ಹಾರಿ ಆಚೆಯ ಬಂಡೆಯ ಮೇಲೆ ಬಿತ್ತು. ಈಚೆಯವರು ತಾವೂ ಒಂದು ಕೈ ನೋಡಿದರು. ಒಬ್ಬರ ಕಲ್ಲೂ ಅರ್ಧ ಹೊಳೆ ದಾಟಲಿಲ್ಲ. ಆ ಹುರಿಯ ಹಿಂದೆ ದಪ್ಪ ಹಗ್ಗ ಹೋಯಿತು. ಆಚೆ ಗಂಟು ಹಾಕಿದವರು ಬೇರೆ ಯಾರೂ ಅಲ್ಲ, ಬೆಳ್ಯಪ್ಪಣ್ಣನೇ. ಮರಕ್ಕೆ ಒರಗಿ ನಿಂತು, ದೊಡ್ಡಪ್ಪ ಕೂಗಿ ಹೇಳಿದ ಹಾಗೆ ಕಟ್ಟಿ, ಆಮೇಲೆ ತಮ್ಮದೇ ಒಂದು ಗಂಟು ಮೇಲಿಂದ ಹಾಕಿ, "ಇದು ಇನ್‌ಫೆಂಟ್ರಿಯದ್ದು. ನೇವಿಯನ್ನು ನಂಬ್ಲಿಕ್ಕಾಗುದಿಲ್ಲ!" ಎಂದು ಕೂಗಿದರು. ಬರುವ ಮನಸ್ಸಿದೆ ಎಂದು ನನಗೆ ಆಗ ತಿಳಿಯಿತು.

ಮೊದಲು ದಾಟಿಸಿದ್ದು ಒಂದು ಗೋಣಿ ತೆಂಗಿನಕಾಯಿ. ಭಾನುವಾರದ ಬೆಂಚಿನ ಮಾಜಿ ಸೈನಿಕರು ಐದಾರು ಜನ ಎಳೆಯುವ ಹಗ್ಗ ಹಿಡಿದು ನಿಂತರು. ದೊಡ್ಡಪ್ಪ ಬೆಳ್ಳಿಬಣ್ಣದ ಪೀಪಿ ತುಟಿಗಿಟ್ಟು ಒಂದು ಉದ್ದ ಊದಿದರು. ಹಡಗಿನ ಲೆಕ್ಕದಲ್ಲಿ 'ಎಳೆಯಿರಿ' ಎಂದು. ಒಬ್ಬರೂ ಅಲುಗಲಿಲ್ಲ. ಕೈ ಬೀಸಿ ತೋರಿಸಿದ ಮೇಲೆ ಎಳೆದರು. ಗೋಣಿ ನಡುಹೊಳೆಗೆ ಬಂದಾಗ, ಹಗ್ಗ ಜೋಲುವುದನ್ನು ಕಂಡು ದೊಡ್ಡಪ್ಪ 'ನಿಲ್ಲಿಸಿ' ಎಂದು ಚಿಕ್ಕದಾಗಿ ಎರಡು ಊದಿದರು. ಎಲ್ಲರೂ ಜೀವ ಬಿಟ್ಟು ಎಳೆದರು. ಗೋಣಿ ನೀರಿಗೆ ಮುಳುಗಿ ಮಗುಚಿ, ಕಾಯಿಗಳೆಲ್ಲ ಸಾಲಾಗಿ ಸುಬ್ರಹ್ಮಣ್ಯದ ಬಸ್ಸಿಗೆ ಹೊರಟವರ ಹಾಗೆ ತೇಲಿಹೋದವು.

"ಎರಡು ಊದಿದರೆ ನಿಲ್ಲುದು ಅಂತ ಹೇಳಿದ್ದೆನಲ್ಲ!" ದೊಡ್ಡಪ್ಪ ಕೆಂಪಾದರು.

ಹಗ್ಗ ಹಿಡಿದವರಲ್ಲಿ ಮುಂದಿದ್ದವರು ಐತಪ್ಪಣ್ಣ. ಸೈನ್ಯದಿಂದ ಬಂದ ಮೇಲೆ ಬಸ್ ಕಂಡಕ್ಟರ್ ಆಗಿದ್ದವರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. "ನೀವು ಹೇಳಿದ್ದು ಹೌದು ಸ್ವಾಮಿ. ಆದರೆ ಒಂದು ಊದಿದರೆ ನಿಲ್ಲುದು, ಎರಡು ಊದಿದರೆ ರೈಟು, ಹೋಗುದು. ನಾನು ಊರಿಗೆ ಊರೇ ಹಾಗೆ ಕಲಿಸಿ ಇಟ್ಟಿದ್ದೇನೆ. ಕೈ ಕಿವಿ ಮಾತು ಕೇಳುದಿಲ್ಲ, ಎಂತ ಮಾಡುದು?"

ದೊಡ್ಡಪ್ಪ ಪೀಪಿಯನ್ನೂ ಹಗ್ಗ ಹಿಡಿದ ಆ ಮುದುಕರನ್ನೂ ನೋಡಿದರು. ನೌಕಾಪಡೆ ಇಡೀ ಜೀವಮಾನ ಕಲಿಸಿದ್ದನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. "ಸರಿ. ಬಸ್ಸಿನ ಲೆಕ್ಕವೇ ಆಗಲಿ. ನಿಮ್ಮ ವಿಸಲ್ ಕೊಡಿ."

ಐತಪ್ಪಣ್ಣನ ವಿಸಲ್ ದಾರಸಮೇತ ನನ್ನ ಕೊರಳಿಗೆ ಬಂತು. "ಎಳೆಯುವವರು ಹಗ್ಗ ನೋಡಬೇಕು, ಕೂತವನು ದೇವರನ್ನು ನೋಡ್ತಾನೆ," ಎಂದರು ದೊಡ್ಡಪ್ಪ. "ಹೊಳೆ ನೋಡ್ಲಿಕ್ಕೆ ಒಬ್ಬರು ಬೇಕು. ಈ ಊರಿನಲ್ಲಿ ರೆಪ್ಪೆ ಹೊಡೆಯದೆ ಹೆದರುವವಳು ಇವಳೊಬ್ಬಳೇ." ಅಮ್ಮ ಬೇಡವೆಂದಳು. ನಾನು ವಿಸಲ್ ಬಿಟ್ಟುಕೊಡಲಿಲ್ಲ. ಅದಕ್ಕೆ ಬೀಡಿಯ ವಾಸನೆಯಿತ್ತು.

ಮರುದಿನ ಬೆಳಗ್ಗೆ ಮಳೆ ತುಂತುರು. ನೀರು ಸುಣ್ಣದ ಗೆರೆಗಿಂತ ಕೆಳಗಿತ್ತು. ನಮ್ಮ ಮನೆಯ ಬೆತ್ತದ ಕುರ್ಚಿಯನ್ನೇ ಹಗ್ಗದಲ್ಲಿ ಹೆಣೆದು ರಾಟೆಗೆ ನೇತುಹಾಕಿದ್ದರು. ಮೊದಲು ದೊಡ್ಡಪ್ಪ ತಾವೇ ಅದರಲ್ಲಿ ಕೂತು ಆಚೆಗೆ ಹೋದರು. ಬೆಳ್ಯಪ್ಪಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಎದೆಗೆ ಪದಕ ಸಿಕ್ಕಿಸಿ ಕಾಯುತ್ತಿದ್ದರು. ಪೊನ್ನಕ್ಕ ಅವರ ಸೊಂಟಕ್ಕೆ ಇನ್ನೊಂದು ಸುತ್ತು ಹಗ್ಗ ಬಿಗಿದಳು.

ನಾನು ಎರಡು ಊದಿದೆ. ಕುರ್ಚಿ ಹೊರಟಿತು.

ದಡ ಬಿಟ್ಟಿತು, ಬಂಡೆ ಬಿಟ್ಟಿತು. ಹಗ್ಗ ಜೋಲಿ ಅವರ ಒಂದು ಪಾದ ನೀರಿಗೆ ಮುಟ್ಟಲು ಗೇಣಷ್ಟೇ ಉಳಿಯಿತು. ನಾನು ಅವರನ್ನು ನೋಡಲಿಲ್ಲ. ಮೇಲಿನಿಂದ ಬರುವ ನೀರನ್ನೇ ನೋಡುತ್ತಿದ್ದೆ. ಮೇಲಿನ ತಿರುವಿನಲ್ಲಿ ಕರ್ರಗೆ ಏನೋ ಕಂಡಿತು. ಬೇರುಸಮೇತ ಒಂದು ಮರ, ಮೊಸಳೆಯ ಹಾಗೆ ಸುಮ್ಮನೆ ಬರುತ್ತಿತ್ತು. ಎಳೆಯುವುದು ನಿಲ್ಲದಿದ್ದರೆ ಅವರು ಸರಿಯಾಗಿ ಅದರ ದಾರಿಗೇ ಬರುತ್ತಿದ್ದರು.

ಒಂದು ಊದಿದೆ. ಗಂಟಲು ಹರಿಯುವ ಹಾಗೆ, ಉದ್ದಕ್ಕೆ.

ಐದಾರು ಮುದುಕರು ಕಲ್ಲಾದರು. ಕುರ್ಚಿ ನಡುಹೊಳೆಯಲ್ಲಿ ತೂಗುತ್ತ ನಿಂತಿತು. ಮರದ ಬೇರು ಬೆಳ್ಯಪ್ಪಣ್ಣನ ಮುಂದಿನಿಂದ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಹಾದುಹೋಯಿತು. ಆಗ ಅವರು ನನ್ನ ಕಡೆ ತಿರುಗಿ ಕೇಳಿದರು:

"ಕಂಡಕ್ಟ್ರೇ, ಇಲ್ಲಿ ಯಾರು ಇಳಿಯುದು?"

ಅಳು ಬರುತ್ತಿದ್ದ ನನಗೆ ನಗು ಬಂದು, ವಿಸಲ್ ಬಾಯಲ್ಲಿದ್ದುದರಿಂದ ಅದೂ ಪೀ ಪೀ ಎಂದು, ಹಗ್ಗದವರಿಗೆ ಅದೇ 'ರೈಟ್' ಆಗಿ, ಕುರ್ಚಿ ದಡ ಸೇರಿತು. ಇನ್ನೊಂದು ಸುತ್ತಿಗೆ ದೊಡ್ಡಪ್ಪನೂ ಈಚೆ ಬಂದರು.

ಪುತ್ತೂರಿಗೆ ಹೋದ ದಾರಿ ಹೆಚ್ಚು ನೆನಪಿಲ್ಲ. ಬೆಳ್ಯಪ್ಪಣ್ಣ ಮುಂದಿನ ಸೀಟಿನಲ್ಲಿ ಕೂತು ಪ್ರತಿ ತಿರುವಿನಲ್ಲೂ, "ಇಲ್ಲಿ ಅಂಗಡಿ ಯಾವಾಗ ಆದ್ದು? ಈ ಮರ ಎಲ್ಲಿ ಹೋಯ್ತು?" ಎಂದು ಅಪ್ಪನನ್ನು ಕೇಳುತ್ತಿದ್ದರು. ಡಾಕ್ಟರುಗಳು ಒಂದು ಶಾಲೆಯ ಹಾಲ್‌ನಲ್ಲಿದ್ದರು. ಡೆಟ್ಟಾಲು, ಒದ್ದೆ ಕೊಡೆ, ಸುಣ್ಣದ ಗೋಡೆಯ ವಾಸನೆ. ಅಳತೆ ತೆಗೆದ ಡಾಕ್ಟರು ಉತ್ತರದ ಕಡೆಯವರು. ಬೆಳ್ಯಪ್ಪಣ್ಣನ ಹಿಂದಿ ಅಷ್ಟು ವರ್ಷ ಮಡಚಿಟ್ಟಿದ್ದರೂ ಕೊಳೆತಿರಲಿಲ್ಲ. ಅವರು ಹೇಳಿದ್ದನ್ನು ದೊಡ್ಡಪ್ಪ ನನಗೆ ಕನ್ನಡದಲ್ಲಿ ಪಿಸುಗುಟ್ಟಿದರು:

"ಸಾಹೇಬ್ರೇ, ಓಡುವ ಕಾಲು ಬೇಡ. ನಿಲ್ಲುವ ಕಾಲು ಕೊಡಿ. ಆನೆ ಬಂದಾಗ ಹೆಂಡತಿಯ ಮುಂದೆ ನಿಲ್ಲಬೇಕು. ಮತ್ತೆ, ಮಳೆಗೆ ಕೊಳೆಯಬಾರದು."

ಡಾಕ್ಟರು ಆನೆ ಎಂದದ್ದು ತಮಾಷೆಯೆಂದು ನಕ್ಕರು. ಆಮೇಲೆ ಅವರ ಮುಖ ನೋಡಿ ನಗು ನಿಲ್ಲಿಸಿ, ಅಳತೆಯನ್ನು ಮತ್ತೊಮ್ಮೆ ತೆಗೆದರು. ಹೊರಗೆ ಬಂದು ಹೋಟೆಲಿನಲ್ಲಿ ಬನ್ಸ್ ತಿಂದೆವು. ಬೆಳ್ಯಪ್ಪಣ್ಣ ನನ್ನ ತಟ್ಟೆಗೆ ಇನ್ನೊಂದು ಹಾಕಿಸಿ, "ಕಂಡಕ್ಟರಿಗೆ ಹೋಟೆಲಿನಲ್ಲಿ ಫ್ರೀ," ಎಂದರು.

ಕಾಲು ಬಂದದ್ದು ಹೊಸ ಸಂಕ ಹಾಕಿದ ಮೇಲೆ. ಅದನ್ನು ಕಟ್ಟಿಕೊಂಡು ಅವರು ಬಿದಿರು ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ ಇಡುತ್ತ ಸಂಕ ದಾಟಿ ನಮ್ಮ ಜಗಲಿಯ ಬೆಂಚಿಗೆ ಬಂದು ಕೂತರು. ಹಪ್ಪಳದ ಡಬ್ಬ ದೊಡ್ಡಮ್ಮನೇ ಹೊರಗೆ ತಂದಿಟ್ಟರು. "ಈಗ ಆನೆಯ ಡಬ್ಬ ಅವರ ಕೈಗೆ ಹೋಯ್ತು. ನಾನು ಹಿಂದೆ ನಿಂತು ಬೈಯುದು ಮಾತ್ರ," ಎಂದು ಪೊನ್ನಕ್ಕ ಮೊನ್ನೆ ಮೊನ್ನೆಯವರೆಗೂ ಹೇಳುತ್ತಿದ್ದಳು.

ಈಗ ಅಲ್ಲಿ ಕಾಂಕ್ರೀಟು ಸೇತುವೆಯಿದೆ. ಕಾರಿನ ಗಾಜು ಇಳಿಸುವ ಮೊದಲೇ ಹೊಳೆ ಮುಗಿದಿರುತ್ತದೆ. ಎರಡು ಬಂಡೆಗಳೂ ಹಾಗೇ ಇವೆ. ಸಂಜೆ ಅವುಗಳ ಮೇಲೆ ಯಾರೂ ನಿಲ್ಲುವುದಿಲ್ಲ. ಎಲ್ಲರ ಸುದ್ದಿಯೂ ಮೊಬೈಲಿನಲ್ಲಿ ಬರುತ್ತದೆ, ಯಾರ ಸ್ವರವೂ ಕೇಳುವುದಿಲ್ಲ. ಐತಪ್ಪಣ್ಣ ಇಲ್ಲ. ಬೆಳ್ಯಪ್ಪಣ್ಣ ಅವರೇ ಹೇಳಿದ ಹಾಗೆ ಒಂದೇ ಸಲ ನಾಲ್ಕು ಜನರ ಹೆಗಲ ಮೇಲೆ ಹೋದರು. ಆ ನಾಲ್ವರಲ್ಲಿ ಒಂದು ಹೆಗಲು ದೊಡ್ಡಪ್ಪನದು. ಕೊನೆಯ ಭಾನುವಾರದವರೆಗೂ ಬೆಂಚಿನ ಮೇಲೆ ಯಾರಿಗೋ ಏನೋ ಬರೆದುಕೊಡುತ್ತಿದ್ದ ದೊಡ್ಡಪ್ಪನೂ ಈಗಿಲ್ಲ. ಪೀಪಿ ನನ್ನ ಹತ್ತಿರವಿದೆ, ಹಗ್ಗವೂ ಇದೆ. ಮೂಸಿದರೆ ಬರೀ ಹಳೆಯ ಹಗ್ಗದ ವಾಸನೆ.

ನನ್ನ ಹೆದರಿಕೆಗಳಲ್ಲಿ ಒಂದೂ ಕಡಿಮೆಯಾಗಿಲ್ಲ. ಮಗಳು ಸ್ಕೂಟರ್ ಹತ್ತಿದರೆ ನನಗೆ ಪುತ್ತೂರಿನ ಎಲ್ಲ ಲಾರಿಗಳೂ ಕಾಣುತ್ತವೆ. ಹೇಳಿದರೆ "ಸುಮ್ಮನಿರಮ್ಮ" ಎನ್ನುವವರು ಮನೆ ತುಂಬ ಇದ್ದಾರೆ. ಎದುರಿಗೆ ಕೂತು, ಸಮಾಧಾನದಿಂದ, "ಮತ್ತೆ?" ಎನ್ನುವವರಿಲ್ಲ.

ಆಗ ಆದ ಒಂದು ಸಣ್ಣ ತಪ್ಪನ್ನು ಇನ್ನೂ ಹೇಳಿಲ್ಲ. ಅದು ಆ ದಿನದ ಸಂಜೆಯದು.

ಪುತ್ತೂರಿನಿಂದ ವಾಪಸು ಬಂದಾಗ ಇನ್ನೂ ಬೆಳಕಿತ್ತು. ಮೊದಲು ದೊಡ್ಡಪ್ಪ ಆಚೆ ದಾಟಿದರು, ಕುರ್ಚಿ ಹಿಡಿದು ಇಳಿಸಲು. ಆಮೇಲೆ ಬೆಳ್ಯಪ್ಪಣ್ಣ. ಪೊನ್ನಕ್ಕ ಸೊಂಟದ ಹಗ್ಗ ಬಿಚ್ಚಿ ಊರುಗೋಲು ಕೊಟ್ಟಳು. ಎರಡೂ ದಡದಲ್ಲಿ ಚಪ್ಪಾಳೆ. ದೊಡ್ಡಪ್ಪನ ಮುಖ ಅಷ್ಟು ದೂರದಿಂದಲೂ ನನಗೆ ಕಾಣುತ್ತಿತ್ತು. ಕೆಲಸ ಮುಗಿಸಿದವರ ಮುಖ. ಅವರು ನೇರ ಮಾವಿನ ಮರಕ್ಕೆ ಹೋದರು. ಇನ್‌ಫೆಂಟ್ರಿಯ ಗಂಟು ಬಿಚ್ಚಿದರು, ನೇವಿಯ ಗಂಟು ಬಿಚ್ಚಿದರು. ರಾಟೆ, ಕುರ್ಚಿ, ಎಳೆಯುವ ಹಗ್ಗ, ಕಲ್ಲು ಕಟ್ಟಿದ ಹುರಿ, ಎಲ್ಲವನ್ನೂ ಒಟ್ಟಿಗೆ ಬಿಗಿದು ಕೈಯೆತ್ತಿ ಕೂಗಿದರು: "ಎಳೆಯಿರಿ!"

ಎಳೆದೆವು. ಹಗ್ಗವೆಲ್ಲ ನೀರಿಗೆ ಬಿದ್ದು, ಹಾವಿನ ಹಾಗೆ ಈಜಿ, ಈಚೆ ಬಂತು. ಐತಪ್ಪಣ್ಣ ಅಚ್ಚುಕಟ್ಟಾಗಿ ಸುರುಳಿ ಸುತ್ತಿದರು. ಅಪ್ಪ ಕುರ್ಚಿ ಜೀಪಿಗೆ ಹಾಕಿದ. ಹಡಗಿನಲ್ಲಾದರೆ ಹಗ್ಗ ಬಿಚ್ಚುವವನು ತನ್ನ ಹಡಗಿನ ಮೇಲೇ ಇರುತ್ತಾನಲ್ಲ.

ಮೊದಲು ನಕ್ಕವರು ಬೆಳ್ಯಪ್ಪಣ್ಣ. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ಆ ಊರು ಕೇಳಿರಲಿಲ್ಲ. ಊರುಗೋಲು ಕೆಳಗೆ ಬಿಟ್ಟು, ಮರ ಹಿಡಿದುಕೊಂಡು ನಗುತ್ತಿದ್ದರು. "ನೇವಿಯವರೇ! ಎರಡು ಕಾಲುಂಟು! ಈಗ ದಾಟಿ ನೋಡುವ!"

ಹುರಿ ಈಚೆಯಿತ್ತು. ಅಷ್ಟು ದೂರ ಎಸೆಯಬಲ್ಲವರು ಒಬ್ಬರೇ, ಅವರು ಆಚೆಯಿದ್ದರು. ಕತ್ತಲಾಗುತ್ತಿತ್ತು. ಕಾಡುದಾರಿಯಲ್ಲಿ ಬರುವುದಾದರೆ ಇನ್ನು ಬೆಳಗ್ಗೆಯೇ. ಪೊನ್ನಕ್ಕ, "ಕಣಿಲೆ ಪಲ್ಯ ಉಂಟು, ಬನ್ನಿ ಅಣ್ಣಾ," ಎಂದು ಕರೆಯುತ್ತಿದ್ದಳು. ದೊಡ್ಡಪ್ಪ ಬಂಡೆಯ ತುದಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಹೊಳೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಊರಿನ ಎಲ್ಲ ಅನಾಹುತಗಳನ್ನೂ ಯೋಚಿಸಿದ್ದೆ. ದೊಡ್ಡಪ್ಪ ಆಚೆ ದಡದಲ್ಲಿ ಉಳಿದುಬಿಡಬಹುದೆಂದು ಯೋಚಿಸಿರಲಿಲ್ಲ.

"ರಾಡಾರ್!" ಎಂದು ಕೂಗಿದರು. "ಎಂತ ನೋಡುದು? ಮಳೆ ಬಂತು. ಎರಡು ಊದು!"

ಎರಡು ಊದಿದೆ. ಜೀಪು ಹೊರಟಿತು.